ಫಳಫಳ ಹೊಳೆಯುವ ನೀರಿನಲ್ಲಿ ಸತ್ತ ಮೀನುಗಳು

ಬುಧವಾರ ಬೆಳಿಗ್ಗೆ ಟ್ಯಾಂಕಿನ ಲೈಟ್ ಹಾಕಿದಾಗ ಮೊದಲು ಕಂಡಿದ್ದು ಒಂದು ಕೆಂಪು ಪ್ಲಾಟಿ ಮೀನು. ಫಿಲ್ಟರಿನ ಬಾಯಿಗೆ ಅಂಟಿಕೊಂಡಿತ್ತು. ನಿದ್ದೆಗಣ್ಣಲ್ಲಿ ಯಾವುದೋ ಎಲೆ ಅಂದುಕೊಂಡೆ. ಹತ್ತಿರ ಹೋದರೆ ಇನ್ನೊಂದು ಪ್ಲಾಟಿ ಜಲ್ಲಿಯ ಮೇಲೆ ಮಗ್ಗುಲಾಗಿ ಬಿದ್ದಿದೆ. ಒಂದು ಜೀಬ್ರಾ ಡೇನಿಯೊ ಮೂಲೆಯಲ್ಲಿ ತೇಲುತ್ತಿದೆ. ಉಳಿದವೆಲ್ಲ ಮೇಲೆ ಬಂದು, ನೀರಿನಂಚಿಗೆ ಬಾಯಿ ಒಡ್ಡಿ ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿವೆ. ನೀರು ಮಾತ್ರ ಎಷ್ಟು ತಿಳಿಯಾಗಿತ್ತೆಂದರೆ, ಒಂದೂವರೆ ವರ್ಷದಲ್ಲಿ ನನ್ನ ಟ್ಯಾಂಕಿನ ನೀರು ಅಷ್ಟು ಚೆಂದ ಕಂಡಿದ್ದೇ ಇಲ್ಲ.

ಆ ಚೆಂದವೇ ಮೀನುಗಳನ್ನು ಕೊಂದಿದ್ದು. ಅದು ಗೊತ್ತಾಗಲು ನನಗೆ ಇಡೀ ದಿನ ಬೇಕಾಯಿತು. ಅಷ್ಟರೊಳಗೆ ಇನ್ನೂ ಎರಡು ಮೀನು ಹೋದವು.

ನಮ್ಮದು ಎರಡಡಿ ಉದ್ದದ ಟ್ಯಾಂಕ್, 60 ಲೀಟರ್ ನೀರು. ಅದರಲ್ಲಿ ಆರು ಡೇನಿಯೊ, ಐದು ಪ್ಲಾಟಿ, ತಳದಲ್ಲಿ ಮೀಸೆ ಆಡಿಸುತ್ತ ಓಡಾಡುವ ನಾಲ್ಕು ಕೋರಿಡೋರಸ್ (ಚಿಕ್ಕದಾಗಿ ಕೋರಿ), ಒಂದು ಗೌರಾಮಿ. ಒಟ್ಟು ಹದಿನಾರು. ಅಷ್ಟು ನೀರಿಗೆ ಸ್ವಲ್ಪ ಜಾಸ್ತಿಯೇ, ಒಪ್ಪಿಕೊಳ್ಳುತ್ತೇನೆ. ಗೌರಾಮಿಯ ಎದೆಯಿಂದ ಇಳಿಬಿದ್ದ ಎರಡು ಉದ್ದನೆಯ ಎಳೆಗಳನ್ನು ನೋಡಿ ಮಗಳು ಅದಕ್ಕೆ ‘ತಾತ’ ಅಂತ ಹೆಸರಿಟ್ಟಿದ್ದಳು. ಬಾಕಿಯವಕ್ಕೆ ಹೆಸರಿರಲಿಲ್ಲ. ಆ ಬೆಳಿಗ್ಗೆ ಎದ್ದು ಬಂದವಳು ಮೊದಲು ಹುಡುಕಿದ್ದೂ ತಾತನನ್ನೇ. “ತಾತ ಸರಿಯಾಗೇ ಇದ್ದಾನೆ ಅಪ್ಪ” ಅಂದಳು. ನಿಜ, ಅದೊಂದು ಮಾತ್ರ ಏನೂ ಆಗದ ಹಾಗೆ ಗಿಡದ ಎಲೆಯ ಕೆಳಗೆ ನಿಂತಿತ್ತು. ಅವಳ ಮಾತಿನಲ್ಲಿ ಒಂದು ಸುಳಿವು ಇತ್ತು. ನನಗೆ ಆಗ ಹೊಳೆಯಲಿಲ್ಲ.

ಸತ್ತ ಮೂರನ್ನು ಬಲೆಯಲ್ಲಿ ತೆಗೆದೆ. ಯಾರಿಗಾದರೂ ತೋರಿಸಿ ಕೇಳೋಣ ಅಂತ ಒಂದು ಚಿಕ್ಕ ಬಾಟಲಿಯಲ್ಲಿ ಟ್ಯಾಂಕಿನ ನೀರು ತುಂಬಿಸಿ ಮುಚ್ಚಳ ಹಾಕಿಟ್ಟೆ. ಅವತ್ತು ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ. ಆಮೇಲೆ ಮಾಡಿದ್ದು ಶುದ್ಧ ಪೆದ್ದತನ. ಮೀನು ಸತ್ತಿದೆ ಅಂದರೆ ರೋಗ ಬಂದಿದೆ, ರೋಗಕ್ಕೆ ಔಷಧಿ ಬೇಕು. ನನ್ನ ಲೆಕ್ಕ ಅಷ್ಟೇ ಇತ್ತು. ಕಪಾಟಿನಲ್ಲಿ ಮೆಥಿಲೀನ್ ಬ್ಲೂ ಬಾಟಲಿ ಇತ್ತು. ಮೇಲೆ ಬರೆದಿದ್ದ ಅಳತೆಯಷ್ಟು ಹನಿ ಬಿಟ್ಟೆ. ಟ್ಯಾಂಕ್ ಪೂರ್ತಿ ನೀಲಿಯಾಯಿತು. ಏನೋ ಮಾಡಿದ ಸಮಾಧಾನದಲ್ಲಿ ಕೆಲಸಕ್ಕೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಇನ್ನೊಂದು ಪ್ಲಾಟಿ, ಒಂದು ಕೋರಿ ಸತ್ತಿದ್ದವು.

ವರ್ಷಗಟ್ಟಲೆ ಮೀನು ಸಾಕಿರುವ ಒಬ್ಬ ಗೆಳೆಯನಿಗೆ ಫೋನ್ ಮಾಡಿದೆ.

“ಯಾವ ರೋಗಕ್ಕೆ ಔಷಧಿ ಹಾಕಿದೆ?” ಅಂತ ಕೇಳಿದ.

“ಗೊತ್ತಿಲ್ಲ.”

“ಮೈಮೇಲೆ ಚುಕ್ಕೆ ಇದೆಯಾ? ರೆಕ್ಕೆ ಕೊಳೆತಿದೆಯಾ? ಹೊಟ್ಟೆ ಊದಿದೆಯಾ?”

“ಏನೂ ಇಲ್ಲ. ನಿನ್ನೆ ರಾತ್ರಿ ಚೆನ್ನಾಗೇ ಇದ್ದವು.”

“ಹಾಗಾದರೆ ರೋಗ ಅಲ್ಲ. ರೋಗ ಒಂದೊಂದಾಗಿ ಕೊಲ್ಲುತ್ತೆ. ಒಂದೇ ರಾತ್ರಿ ಬೇರೆ ಬೇರೆ ಜಾತಿಯ ಮೀನು ಒಟ್ಟಿಗೆ ಸತ್ತರೆ ನೀರು ನೋಡಬೇಕು. ಕಳೆದ ಒಂದು ವಾರದಲ್ಲಿ ಟ್ಯಾಂಕಿಗೆ ಏನು ಮಾಡಿದೆ?”

ಏನು ಮಾಡಿದ್ದೆ? ಭಾನುವಾರ ಭರ್ಜರಿ ಸ್ವಚ್ಛತೆ ಮಾಡಿದ್ದೆ. ಅದನ್ನು ಹೆಮ್ಮೆಯಿಂದಲೇ ಹೇಳತೊಡಗಿದೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ ನೀರು ಪೂರ್ತಿ ಖಾಲಿ ಮಾಡಿದ್ದು. ಜಲ್ಲಿಯನ್ನು ಅಕ್ಕಿ ತೊಳೆದ ಹಾಗೆ ಏಳೆಂಟು ಸಲ ತೊಳೆದಿದ್ದು. ಗಾಜು ಉಜ್ಜಿದ್ದು. ಫಿಲ್ಟರಿನ ಸ್ಪಂಜಿನಲ್ಲಿದ್ದ ಕಂದು ಲೋಳೆಯನ್ನು ನಲ್ಲಿಯ ಕೆಳಗೆ ಹಿಡಿದು, ನೀರು ಬೆಳ್ಳಗೆ ಬರುವ ತನಕ ಹಿಂಡಿದ್ದು. ಹೊಸ ನೀರಿಗೆ ಆಂಟಿ ಕ್ಲೋರಿನ್ ಹಾಕಿದ್ದು. ಅಲ್ಲಿಗೆ ಬರುವಾಗ ನನ್ನ ದನಿ ಇಳಿದಿತ್ತು. ಆ ಕಡೆಯಿಂದ ಮಾತೇ ಇಲ್ಲ.

ಸಂಜೆ ಅವನೇ ಟೆಸ್ಟ್ ಕಿಟ್ ಹಿಡಿದುಕೊಂಡು ಬಂದ. ಟ್ಯಾಂಕಿನ ನೀರು ನೀಲಿಯಾಗಿದ್ದರಿಂದ ಅದನ್ನು ಪರೀಕ್ಷಿಸುವ ಹಾಗಿರಲಿಲ್ಲ. ಅಮೋನಿಯಾ ಟೆಸ್ಟಿನಲ್ಲಿ ಹಳದಿ ಬಂದರೆ ಸೊನ್ನೆ, ಹಸಿರಿಗೆ ತಿರುಗಿದಷ್ಟೂ ಅಪಾಯ. ನೀಲಿ ನೀರಿಗೆ ಹಳದಿ ಬೆರೆತರೆ ಸುಮ್ನೆ ಹಸಿರು ಕಾಣುತ್ತದೆ. ಬೆಳಿಗ್ಗೆ ಬಾಟಲಿಯಲ್ಲಿ ಹಿಡಿದಿಟ್ಟ ನೀರು ಆಗ ಉಪಯೋಗಕ್ಕೆ ಬಂತು. ಹನಿ ಬಿಟ್ಟು ಅಲುಗಿಸಿ ಐದು ನಿಮಿಷ ಕಾದೆವು. ಕಡು ಹಸಿರು. ಬಣ್ಣದ ಪಟ್ಟಿಗೆ ಹಿಡಿದು ನೋಡಿದರೆ ಲೀಟರಿಗೆ 2 ಮಿಲಿಗ್ರಾಂಗಿಂತ ಜಾಸ್ತಿ, 4ಕ್ಕಿಂತ ಕಡಿಮೆ. ಇರಬೇಕಾದದ್ದು ಸೊನ್ನೆ. ಪಿಎಚ್, ಅಂದರೆ ನೀರು ಎಷ್ಟು ಹುಳಿ ಅಥವಾ ಕ್ಷಾರ ಎಂದು ಹೇಳುವ ಅಳತೆ, 8.2.

ಅವನು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮೀನು ಕಿವಿರಿನಿಂದ ದಿನವಿಡೀ ಅಮೋನಿಯಾ ಬಿಡುತ್ತಿರುತ್ತದೆ. ಉಳಿದ ಆಹಾರ, ಹಿಕ್ಕೆ ಕೊಳೆತರೂ ಅದೇ ಹುಟ್ಟುತ್ತದೆ. ಅದನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟೊಂದು ಅಪಾಯವಲ್ಲ, ಆಗಾಗ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡಿಕೊಂಡು ಇರುವಂಥವಲ್ಲ. ಸ್ಪಂಜು, ಜಲ್ಲಿ, ಗಾಜು, ಹೀಗೆ ಎಲ್ಲಾದರೂ ಅಂಟಿಕೊಂಡು ಬದುಕುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಇದಕ್ಕೇ ‘ಸೈಕಲ್ ಆಗುವುದು’ ಅನ್ನುತ್ತಾರೆ.

ನಾನು ಕೊಳೆ ಅಂದುಕೊಂಡು ಹಿಂಡಿ ಹಾಕಿದ ಆ ಕಂದು ಲೋಳೆಯಲ್ಲೇ ಅವು ಇದ್ದದ್ದು. ಕೈಗೆ ಉಳಿದವನ್ನು ನಲ್ಲಿ ನೀರಿನ ಕ್ಲೋರಿನ್ ಮುಗಿಸಿತು. ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಸಾಯಲಿ ಅಂತ, ಅಲ್ವಾ? ಒಂದೂವರೆ ವರ್ಷದ ಟ್ಯಾಂಕ್ ಭಾನುವಾರ ಸಂಜೆಯ ಹೊತ್ತಿಗೆ ಹೊಚ್ಚ ಹೊಸ ಟ್ಯಾಂಕ್ ಆಗಿತ್ತು. ಹದಿನಾರು ಮೀನು, ಅಮೋನಿಯಾ ತಿನ್ನುವವರು ಯಾರೂ ಇಲ್ಲ. ಸಾಲದ್ದಕ್ಕೆ ಟ್ಯಾಂಕ್ ಹೊಳೆಯುತ್ತಿರುವ ಖುಷಿಯಲ್ಲಿ ಮಗಳು ಎರಡು ದಿನ ಜಾಸ್ತಿ ಜಾಸ್ತಿ ಆಹಾರ ಹಾಕಿದ್ದಳು.

ಪಿಎಚ್ ವಿಷಯ ನನಗೆ ಪೂರ್ತಿ ಹೊಸದು. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿ ಇರುತ್ತದಂತೆ. ಅದರಲ್ಲಿ ಒಂದು ರೂಪ ಮೀನಿಗೆ ಅಷ್ಟೇನೂ ತೊಂದರೆ ಮಾಡುವುದಿಲ್ಲ, ಇನ್ನೊಂದು ಕಿವಿರನ್ನು ಸುಡುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಸುಡುವ ಪಾಲು ನೂರಕ್ಕೆ ಸುಮಾರು 0.5 ಅಷ್ಟೇ. ಪಿಎಚ್ 8 ಆದರೆ ಅದೇ ನೂರಕ್ಕೆ ಸುಮಾರು 5. ಹತ್ತು ಪಟ್ಟು! ನೀರು ಬಿಸಿಯಾದಷ್ಟೂ ಇನ್ನೂ ಏರುತ್ತದೆ. ಅದಕ್ಕೇ ಒಬ್ಬರ ಟ್ಯಾಂಕಿನಲ್ಲಿ ಮೀನು ತಡೆದುಕೊಂಡ ಅಮೋನಿಯಾ ಇನ್ನೊಬ್ಬರ ಟ್ಯಾಂಕಿನಲ್ಲಿ ಕೊಲ್ಲುತ್ತದೆ.

ತಾತ ಬದುಕಿದ್ದೇಕೆ ಅನ್ನುವುದೂ ಆಗಲೇ ಗೊತ್ತಾಯಿತು. ಗೌರಾಮಿ, ಬೆಟ್ಟಾ ಜಾತಿಯ ಮೀನುಗಳಿಗೆ ತಲೆಯೊಳಗೆ ಕಿವಿರಿನ ಮೇಲ್ಭಾಗದಲ್ಲಿ ಇನ್ನೊಂದು ಅಂಗವಿದೆ. ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲವು. ಬೇರೆ ಮೀನುಗಳು ಗುಟುಕರಿಸುತ್ತಿರುವಾಗ ಗೌರಾಮಿ ಆರಾಮಾಗಿದ್ದರೆ, ಕಿವಿರಿನ ಉಸಿರಾಟ ಕೆಟ್ಟಿದೆ ಎಂದು ಲೆಕ್ಕ. ಅಮೋನಿಯಾ ಇರಬಹುದು, ನೈಟ್ರೈಟ್ ಇರಬಹುದು, ಆಮ್ಲಜನಕದ ಕೊರತೆಯೂ ಇರಬಹುದು. ಮಗಳು ಬೆಳಿಗ್ಗೆ ಹೇಳಿದ್ದೇ ಅದು.

ಇನ್ನೊಂದು ಪ್ರಶ್ನೆ ಕೇಳಿದ: “ಎಣಿಸಿದ್ದೀಯಾ?” ಎಣಿಸಿದೆವು. ಸತ್ತವು ಐದು, ಬದುಕಿದವು ಹತ್ತು. ಒಂದು ಕಡಿಮೆ! ಅವನು ತೋಳು ಮಡಚಿ ಕೈ ಹಾಕಿ ಮರದ ತುಂಡು ಎತ್ತಿದ. ಅದರಡಿ ಒಂದು ಕೋರಿ ಬಿಳಿ ಹತ್ತಿ ಕಟ್ಟಿಕೊಂಡು ಬಿದ್ದಿತ್ತು. ಸತ್ತು ಒಂದು ದಿನಕ್ಕೂ ಜಾಸ್ತಿ ಆಗಿರಬೇಕು. ಬೆಚ್ಚಗಿನ ನೀರಿನಲ್ಲಿ ಸತ್ತ ಮೀನು ಬೇಗ ಕೊಳೆಯುತ್ತದೆ. ಒಂದರ ಸಾವು ಉಳಿದವಕ್ಕೆ ಅಮೋನಿಯಾ ಆಗಿ ಬರುತ್ತದೆ. ಅವತ್ತಿನಿಂದ ಬೆಳಿಗ್ಗೆ ಆಹಾರ ಹಾಕುವಾಗ ತಲೆ ಎಣಿಸುವುದು ಮಗಳ ಕೆಲಸ.

ಆ ರಾತ್ರಿಯೇ ಅರ್ಧ ನೀರು ಬದಲಿಸಿದೆವು. ಅಷ್ಟು ನೀರನ್ನು ಒಮ್ಮೆಗೇ ಬದಲಿಸಬಹುದಾ ಅಂತ ನನಗೆ ಭಯ. ಭಾನುವಾರ ತುಂಬಿಸಿದ್ದೂ ಇದೇ ನೀರು, ಪಿಎಚ್ ವ್ಯತ್ಯಾಸ ಇರುವುದಿಲ್ಲ ಅಂದ. ಬಕೆಟ್ಟಿನಲ್ಲಿ ಆಂಟಿ ಕ್ಲೋರಿನ್ ಬೆರೆಸಿ, ಥರ್ಮಾಮೀಟರ್ ಹಿಡಿದು ಬಿಸಿ ಸರಿ ಮಾಡಿ, ನಿಧಾನವಾಗಿ ಹುಯ್ದೆವು. ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಜೋರಾಗಿ ಬಿಟ್ಟೆವು. ಆಹಾರ ಪೂರ್ತಿ ಬಂದ್. ಮಗಳಿಗೆ ಇದು ಕ್ರೌರ್ಯ ಅನ್ನಿಸಿತು. ಆರೋಗ್ಯವಾಗಿರುವ, ಪೂರ್ತಿ ಬೆಳೆದ ಮೀನು ವಾರ ಉಪವಾಸ ಇದ್ದರೂ ಸಾಯುವುದಿಲ್ಲ, ಈ ನೀರಿನಲ್ಲಿ ಹೊಟ್ಟೆ ತುಂಬಿದರೇ ಕಷ್ಟ ಎಂದು ಒಪ್ಪಿಸುವಷ್ಟರಲ್ಲಿ ಸಾಕಾಯಿತು.

ಎಲ್ಲಕ್ಕಿಂತ ದೊಡ್ಡ ಉಪಕಾರ ಮರುದಿನ ಆಯಿತು. ತನ್ನ ಹಳೆಯ ಟ್ಯಾಂಕಿನ ಫಿಲ್ಟರಿನಿಂದ ಒಂದು ಸ್ಪಂಜು ತೆಗೆದು, ಅದೇ ಟ್ಯಾಂಕಿನ ನೀರಿನಲ್ಲಿ ಒದ್ದೆಯಾಗಿಟ್ಟು ತಂದುಕೊಟ್ಟ. ನೋಡಲು ಹೇಸಿಗೆ. ನನ್ನ ಫಿಲ್ಟರಿನೊಳಗೆ ತುರುಕಿದೆವು. ಹೆಪ್ಪು ಹಾಕಿದ ಹಾಗೆ. ರೋಗವಿರುವ ಟ್ಯಾಂಕಿನದಾದರೆ ರೋಗವೂ ಜೊತೆಗೆ ಬರುತ್ತದೆ, ಹಾಗಾಗಿ ಗೊತ್ತಿರುವವರ ಟ್ಯಾಂಕಿನಿಂದಲೇ ತರಬೇಕು. ಮೆಥಿಲೀನ್ ಬ್ಲೂ ಈ ಬ್ಯಾಕ್ಟೀರಿಯಾಗಳಿಗೂ ಆಗುವುದಿಲ್ಲ. ಆದ್ದರಿಂದ ಸ್ಪಂಜು ಇಡುವ ಮೊದಲು ಇನ್ನೊಮ್ಮೆ ಅರ್ಧ ನೀರು ತೆಗೆದು, ಫಿಲ್ಟರಿನಲ್ಲಿ ಇದ್ದಿಲಿನ ಚೀಲ ಇಟ್ಟು ನೀಲಿ ಬಣ್ಣ ಇಳಿಸಿದ್ದೆವು. ಗುರುವಾರ ಇನ್ನೆರಡು ಸತ್ತವು, ಒಂದು ಪ್ಲಾಟಿ, ಒಂದು ಡೇನಿಯೊ. ಕಿವಿರು ಸುಟ್ಟ ಮೇಲೆ ನೀರು ಸರಿಯಾದರೂ ಕೆಲವು ಚೇತರಿಸಿಕೊಳ್ಳುವುದಿಲ್ಲ.

ಮುಂದಿನ ಮೂರು ವಾರ ದಿನಾ ಟೆಸ್ಟು, ದಿನಾ ಬಕೆಟ್ಟು. ಕ್ಯಾಲೆಂಡರಿನ ಚೌಕಗಳಲ್ಲಿ ಸಂಖ್ಯೆ ಬರೆಯುತ್ತಾ ಹೋದೆ. ಅಮೋನಿಯಾ 1, ಮತ್ತೆ 1, 0.5. ಆರನೇ ದಿನ ಅಮೋನಿಯಾ ಇಳಿದ ಖುಷಿಯಲ್ಲಿದ್ದೆ. ನೈಟ್ರೈಟ್ ಟೆಸ್ಟಿನ ತಿಳಿನೀಲಿ ಆವತ್ತು ನೇರಳೆಯಾಯಿತು. ಎರಡನೇ ಜಾತಿಯ ಬ್ಯಾಕ್ಟೀರಿಯಾ ನಿಧಾನ, ಮೊದಲನೆಯದಕ್ಕಿಂತ ತಡವಾಗಿ ಬೆಳೆಯುತ್ತವೆ. ಆ ನಡುವಿನ ಹೊತ್ತಿನಲ್ಲಿ ನೈಟ್ರೈಟ್ ಕೂಡಿಕೊಳ್ಳುತ್ತದೆ. ಅದು ಮೀನಿನ ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ, ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಬೇಕಾದಷ್ಟು ಆಮ್ಲಜನಕ ಇದ್ದರೂ ಮೀನಿಗೆ ಉಸಿರುಗಟ್ಟುತ್ತದೆ. ಇದಕ್ಕೆ ಮದ್ದು ಉಪ್ಪು! ಉಪ್ಪಿನಲ್ಲಿರುವ ಕ್ಲೋರೈಡ್, ನೈಟ್ರೈಟ್ ಕಿವಿರಿನೊಳಗೆ ನುಗ್ಗುವುದನ್ನು ತಡೆಯುತ್ತದೆ. ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ 60 ಗ್ರಾಂ ಉಪ್ಪನ್ನು ಕರಗಿಸಿ ಎರಡು ದಿನಕ್ಕೆ ಹಂಚಿ ಹಾಕಿದೆ. ಕೋರಿಗಳಿಗೆ ಉಪ್ಪು ಅಷ್ಟಾಗಿ ಒಗ್ಗುವುದಿಲ್ಲ, ಅದಕ್ಕೇ ಅದಕ್ಕಿಂತ ಮೇಲೆ ಹೋಗಲಿಲ್ಲ. ಅಷ್ಟಾದರೂ ಒಂದು ಡೇನಿಯೊ ಹೋಯಿತು. ಅದು ಒಂಬತ್ತನೆಯದು, ಕೊನೆಯದು. 24ನೇ ದಿನ ಎರಡೂ ಟೆಸ್ಟು ಸೊನ್ನೆ ತೋರಿಸಿದವು. ಟ್ಯಾಂಕಿನಲ್ಲಿ ಏಳು ಮೀನು ಉಳಿದಿದ್ದವು.

ಈಗ ನನ್ನ ಸ್ವಚ್ಛತೆ ನೋಡಿದರೆ ಸೋಮಾರಿತನ ಅನ್ನಿಸಬಹುದು. ವಾರಕ್ಕೊಮ್ಮೆ 15 ಲೀಟರ್, ಅಂದರೆ ಕಾಲು ಭಾಗ ನೀರು ತೆಗೆಯುತ್ತೇನೆ. ತೆಗೆಯುವಾಗ ಪೈಪಿನಿಂದ ಅರ್ಧ ಭಾಗದ ಜಲ್ಲಿಯ ಹೂಳು ಎಳೆಯುತ್ತೇನೆ, ಉಳಿದರ್ಧ ಮುಂದಿನ ವಾರಕ್ಕೆ. ತಿಂಗಳಿಗೊಮ್ಮೆ ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಎರಡು ಸಲ ಅದುಮಿ ವಾಪಸ್ ಇಡುತ್ತೇನೆ. ಅದು ಕಂದಾಗಿಯೇ ಇರಲಿ. ನೀರು ಸರಾಗವಾಗಿ ಹರಿದರೆ ಸಾಕು. ಸ್ಪಂಜು ಮುಟ್ಟಿದ ವಾರ ಜಲ್ಲಿ ಮುಟ್ಟುವುದಿಲ್ಲ. ಆಹಾರ ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು, ವಾರದಲ್ಲಿ ಒಂದು ದಿನ ಅದೂ ಇಲ್ಲ. ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಸುತ್ತ ನಿಂತರೆ ನೆಮ್ಮದಿ, 40 ದಾಟಲು ಬಿಡುವುದಿಲ್ಲ.

ಒಂದು ಸಲ ಮೂರು ವಾರ ನೀರು ಬದಲಿಸಲು ಆಗಿರಲಿಲ್ಲ. ಆಗ ಅಳೆದು ನೋಡಿದೆ. ನಲ್ಲಿ ನೀರಿನ ಪಿಎಚ್ 8.2, ಟ್ಯಾಂಕಿನದ್ದು 7.4. ಹಳೆಯ ನೀರು ತಾನಾಗಿಯೇ ಹುಳಿಯ ಕಡೆ ಜಾರುತ್ತದೆ. ತಿಂಗಳುಗಟ್ಟಲೆ ಮುಟ್ಟದ ಟ್ಯಾಂಕಿನಲ್ಲಿ ಅಮೋನಿಯಾ ಸೇರಿಕೊಂಡಿದ್ದರೂ ಕಡಿಮೆ ಪಿಎಚ್‌ನಿಂದಾಗಿ ಅದು ಸುಡದ ರೂಪದಲ್ಲಿ ಸುಮ್ಮನಿರುತ್ತದೆ. ಅದಕ್ಕೆ ಒಮ್ಮೆಲೇ ಬಕೆಟ್ಟುಗಟ್ಟಲೆ ಹೊಸ ನೀರು ಹುಯ್ದರೆ ಪಿಎಚ್ ಏರಿ, ಸುಮ್ಮನಿದ್ದದ್ದೂ ವಿಷವಾಗುತ್ತದೆ. “ನೀರು ಬದಲಿಸಿದೆ, ಮರುದಿನವೇ ಸತ್ತವು” ಎನ್ನುವ ಗೋಳಿನ ಹಿಂದೆ ಹಲವು ಸಲ ಇದೇ ಇರುತ್ತದೆ.

ಆಮೇಲೂ ಒಂದು ರಾತ್ರಿ ಹೆದರಿದ್ದೇನೆ. ಬಿಸಿಲುಗಾಲ, ನೀರು 31 ಡಿಗ್ರಿ, ಕರೆಂಟ್ ಹೋಗಿ ಮೂರು ಗಂಟೆ ಬರಲಿಲ್ಲ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಮೀನಿಗೆ ಬೇಕಾಗುವುದು ಮಾತ್ರ ಬಿಸಿಯಲ್ಲೇ ಜಾಸ್ತಿ. ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಎಳೆಯುತ್ತವೆ. ಡೇನಿಯೊಗಳು ಮೇಲೆ ಬಂದು ಬಾಯಿ ಆಡಿಸತೊಡಗಿದಾಗ ಮೊಬೈಲ್ ಲೈಟಿನಲ್ಲಿ ಕೂತು, ಚೊಂಬಿನಲ್ಲಿ ಟ್ಯಾಂಕಿನ ನೀರನ್ನೇ ಎತ್ತಿ ಒಂದಡಿ ಮೇಲಿಂದ ಸುರಿಯುತ್ತಿದ್ದೆ. ಹತ್ತು ನಿಮಿಷ ಸುರಿಯುವುದು, ಹತ್ತು ನಿಮಿಷ ಕೈಗೆ ವಿಶ್ರಾಂತಿ. ನೀರಿಗೆ ಗಾಳಿ ಬೆರೆಯುವುದು ಹೆಚ್ಚಾಗಿ ಮೇಲ್ಮೈ ಕದಡಿದಾಗಲೇ. ಒಂದೂ ಸಾಯಲಿಲ್ಲ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಈಗ ಟ್ಯಾಂಕಿನ ಕೆಳಗೇ ಇದೆ. ಕರೆಂಟ್ ಬಹಳ ಹೊತ್ತು ಹೋದರೆ ಡಬ್ಬಿಯಂಥ ಮುಚ್ಚಿದ ಫಿಲ್ಟರನ್ನು ತೆರೆದು ನೋಡದೆ ಹಾಗೇ ಚಾಲೂ ಮಾಡಬಾರದು. ನಿಂತ ನೀರಿನಲ್ಲಿ ಒಳಗಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸತ್ತು, ಆ ಹೊಲಸೆಲ್ಲ ಒಮ್ಮೆಗೇ ಟ್ಯಾಂಕಿಗೆ ಬರುತ್ತದೆ.

ಹೊಸ ಮೀನು ತಂದರೆ ಮೂರು ವಾರ ಬೇರೆ ತೊಟ್ಟಿಯಲ್ಲೇ ಇಡುತ್ತೇನೆ. 20 ಲೀಟರಿನ ಪ್ಲಾಸ್ಟಿಕ್ ಡಬ್ಬ, ಒಂದು ಸ್ಪಂಜ್ ಫಿಲ್ಟರ್, ಅಷ್ಟೇ. ಅತಿ ಜಾಗ್ರತೆ ಅಂತ ನಗುವವರಿದ್ದಾರೆ. ಎರಡನೇ ಸಲ ತಂದ ಡೇನಿಯೊಗಳ ಮೈಮೇಲೆ ಒಂಬತ್ತನೇ ದಿನ ಉಪ್ಪಿನ ಕಣದಂಥ ಬಿಳಿ ಚುಕ್ಕೆಗಳು ಎದ್ದವು. ಅವುಗಳಿಗೆ ಆ ಡಬ್ಬದಲ್ಲೇ ಚಿಕಿತ್ಸೆ ಆಯಿತು. ದೊಡ್ಡ ಟ್ಯಾಂಕಿಗೆ ಏನೂ ತಗಲಲಿಲ್ಲ.

ಸೊಳ್ಳೆ, ಜಿರಲೆಗೆ ಹೊಡೆಯುವ ಸ್ಪ್ರೇ ಟ್ಯಾಂಕ್ ಇರುವ ಕೋಣೆಗೆ ಬರುವ ಹಾಗೇ ಇಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮೀನಿಗೆ ಘೋರ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುವುದು, ಮರೆಯಬೇಡಿ. ಸೋಪು ಹಚ್ಚಿದ ಕೈಯೂ ಅಷ್ಟೇ.

ಮೊನ್ನೆ ತಿಂಗಳು ಒಂದು ಡೇನಿಯೊ ಸತ್ತಿತು. ಮೊದಲ ಆರರಲ್ಲಿ ಉಳಿದಿದ್ದ ಹಳೆಯದು. ಕೆಲವು ವಾರಗಳಿಂದ ಬೆನ್ನು ಬಾಗಿ, ಮೈ ಸೊರಗಿ, ಗುಂಪಿನಿಂದ ಹಿಂದೆ ಬೀಳುತ್ತಿತ್ತು. ಎಣಿಸುವಾಗ ಒಂದು ಕಡಿಮೆ ಬಂತೆಂದು ಮಗಳು ಕೂಗಿದಳು. ಮರದ ತುಂಡಿನ ಕೆಳಗೇ ಸಿಕ್ಕಿತು. ಕೈ ತಾನಾಗಿ ಕಪಾಟಿನ ನೀಲಿ ಬಾಟಲಿಯ ಕಡೆ ಹೋಯಿತು. ಅದರ ಪಕ್ಕದಲ್ಲಿದ್ದ ಟೆಸ್ಟ್ ಕಿಟ್ ತೆಗೆದೆ. ಅಮೋನಿಯಾ ಹಳದಿ. ನೈಟ್ರೈಟ್ ತಿಳಿನೀಲಿ. ಪಿಎಚ್ ಎಂದಿನಂತೆ. ಉಳಿದವು ಚುರುಕಾಗಿ ಓಡಾಡುತ್ತಿದ್ದವು, ತಾತ ಎಲೆಯ ಕೆಳಗೆ ನಿಂತಿತ್ತು. ಟ್ಯಾಂಕಿನ ಮೂಲೆಯ ಸಿಲಿಕೋನ್ ಅಂಟಿನಲ್ಲಿ ಆ ಬುಧವಾರದ ನೀಲಿ ಇನ್ನೂ ಹಾಗೇ ಇದೆ, ಎಷ್ಟು ಉಜ್ಜಿದರೂ ಹೋಗಿಲ್ಲ.

ಸತ್ತದ್ದನ್ನು ಹೂಕುಂಡದಲ್ಲಿ ಹೂತೆವು. ಟ್ಯಾಂಕಿಗೆ ಏನೂ ಹಾಕಲಿಲ್ಲ.